ಎನ್‌ಐಸಿಯು ಮಾನಿಟರ್‌ಗಳ ಡೇಟಾ ದಿನಾ ಅಳಿಸಿಹೋಗುತ್ತಿದೆ. ಸಂಶೋಧನೆಗೆ ಉಳಿಸಿಡಬಹುದಾ? ತಂದೆತಾಯಿಯನ್ನು ಕೇಳಬೇಕಾ?

ರಾತ್ರಿ ಡ್ಯೂಟಿ
ಎಲ್ಲರಿಗೂ ನಮಸ್ಕಾರ. ನಾನು ಉತ್ತರ ಕರ್ನಾಟಕದ ಒಂದು ಮೆಡಿಕಲ್ ಕಾಲೇಜಿನಲ್ಲಿ ಮಕ್ಕಳ ವಿಭಾಗದ ಪಿಜಿ. ನಮ್ಮ ಎನ್‌ಐಸಿಯುನಲ್ಲಿ (ನವಜಾತ ಶಿಶುಗಳ ತೀವ್ರ ನಿಗಾ ಘಟಕ) ತಿಂಗಳು ತುಂಬದೆ ಹುಟ್ಟಿದ ಮಕ್ಕಳೇ ಜಾಸ್ತಿ. ಒಂದೊಂದು ಮಗುವಿಗೂ ಮಾನಿಟರ್ ಇದೆ. ಹೃದಯ ಬಡಿತ, ಉಸಿರು, ಸ್ಯಾಚುರೇಷನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಎಲ್ಲ ಸೆಕೆಂಡ್ ಸೆಕೆಂಡ್‌ಗೂ ಬರುತ್ತಲೇ ಇರುತ್ತದೆ. ಸಿಸ್ಟರ್ ಗಂಟೆಗೊಮ್ಮೆ ನೋಡಿ ಚಾರ್ಟ್‌ನಲ್ಲಿ ಒಂದು ಸಾಲು ಬರೆಯುತ್ತಾರೆ. ಉಳಿದದ್ದು ಮಾನಿಟರ್ ಒಳಗೆ ಎರಡು ಮೂರು ದಿನ ಇರುತ್ತದೆ. ಹೊಸದು ಬಂದ ಹಾಗೆ ಹಳೆಯದು ಅಳಿಸಿಹೋಗುತ್ತದೆ.

ನನ್ನ ಥೀಸಿಸ್ ಸೆಪ್ಸಿಸ್ ಮೇಲೆ, ಅಂದರೆ ರಕ್ತಕ್ಕೆ ನಂಜೇರುವುದು. ರಕ್ತದಲ್ಲಿ ರೋಗಾಣು ಇದೆಯಾ ಅಂತ ನೋಡುವ ಬ್ಲಡ್ ಕಲ್ಚರ್ ವರದಿ ಬರುವ ಹೊತ್ತಿಗೆ ಎಷ್ಟೋ ಸಲ ಮಗು ಕೈ ಮೀರಿರುತ್ತದೆ. ಹೃದಯ ಬಡಿತದ ಏರಿಳಿತದಲ್ಲೇ ಸುಳಿವು ಮೊದಲೇ ಸಿಗುತ್ತದೆ ಅಂತ ಓದಿದ್ದೇನೆ. ಹಾಗಾಗಿ ಈ ಡೇಟಾ ಉಳಿಸಿಡಬೇಕು ಅಂತ ನನ್ನ ಆಸೆ. ಮಗುವಿಗೆ ಹೊಸದಾಗಿ ಏನನ್ನೂ ಚುಚ್ಚುವುದಿಲ್ಲ, ಹೊಸ ಪ್ರೋಬ್ (ಮೈಗೆ ಅಂಟಿಸುವ ಸೆನ್ಸರ್) ಅಂಟಿಸುವುದಿಲ್ಲ. ಚಿಕಿತ್ಸೆಗಾಗಿ ಹೇಗಿದ್ದರೂ ಬರುತ್ತಿರುವ ಅಂಕಿಗಳು ಅಷ್ಟೇ.

ನನ್ನ ಪ್ರಶ್ನೆ: ಇದಕ್ಕೂ ಪ್ರತಿಯೊಬ್ಬ ತಂದೆತಾಯಿಯ ಸಹಿ ಬೇಕಾ? ತಾಯಿ ಇನ್ನೂ ಬಾಣಂತಿ ವಾರ್ಡ್‌ನಲ್ಲಿ ಇರುತ್ತಾರೆ. ಅಪ್ಪ ರಕ್ತ, ಔಷಧಿ ಅಂತ ಓಡಾಡುತ್ತಿರುತ್ತಾರೆ. ಆ ಹೊತ್ತಲ್ಲಿ ನಾಲ್ಕು ಪುಟದ ಫಾರ್ಮ್ ಹಿಡಿದು ನಿಲ್ಲುವುದು ಸರಿಯಾ? ಈ ಕೆಲಸ ಮಾಡಿದವರು, ಎನ್‌ಐಸಿಯುನಲ್ಲಿ ಮಗು ಇದ್ದವರು ದಯವಿಟ್ಟು ಹೇಳಿ.

ಗಂಗಾವತಿ ಗುರು
ಕೇಳುವುದೇನಿದೆ ಡಾಕ್ಟ್ರೇ? ಹೇಗಿದ್ದರೂ ಅಳಿಸಿಹೋಗುವ ಡೇಟಾ. ಹೆಸರು ತೆಗೆದು ಬಳಸಿ. ನಾಳೆ ಇನ್ನೊಂದು ಮಗು ಉಳಿದರೆ ಅದೇ ಪುಣ್ಯ.

ಚಿನ್ನುವಿನ ಅಮ್ಮ
ಗುರು ಅವರೇ, ನಿಮ್ಮ ಮಗು ಆ ಪೆಟ್ಟಿಗೆಯಲ್ಲಿ ಮಲಗಿದ್ದರೆ ಇಷ್ಟು ಸಲೀಸಾಗಿ ಹೇಳುತ್ತಿದ್ದಿರಾ?

ನನ್ನ ಮಗಳು ಏಳು ತಿಂಗಳಿಗೇ ಹುಟ್ಟಿದವಳು. ಗಾಜಿನ ಆಚೆ ನಿಂತು ನಾನು ನೋಡುತ್ತಿದ್ದದ್ದು ಮಗುವಿನ ಮುಖವನ್ನಲ್ಲ, ಆ ಪರದೆಯನ್ನು. ಹಸಿರು ಅಂಕಿ, ನೀಲಿ ಅಂಕಿ. ಯಾವುದು ಏನು ಅಂತ ಯಾರೂ ಹೇಳಲಿಲ್ಲ. ನೀಲಿ ಅಂಕಿ 88ಕ್ಕೆ ಇಳಿದರೆ ನನ್ನ ಜೀವ ಹೋಗುತ್ತಿತ್ತು. ಆ ಅಂಕಿಗಳು ನನಗೆ ಕಸವಾಗಿರಲಿಲ್ಲ. ಅವನ್ನು ಸಂಶೋಧನೆಗೆ ಕೊಡಿ ಅಂದಿದ್ದರೆ ಖಂಡಿತ ಕೊಡುತ್ತಿದ್ದೆ. ಕೇಳದೆ ತೆಗೆದುಕೊಂಡರು ಅಂತ ಆಮೇಲೆ ಗೊತ್ತಾದರೆ ಮಾತ್ರ ಬೇಜಾರಾಗುತ್ತದೆ. ಒಪ್ಪಿಗೆ ಕೇಳಲು ಆಗದಿದ್ದರೆ ಹೇಳುವುದಕ್ಕಾದರೂ ಆಗುತ್ತದೆ ಅಲ್ವಾ?

ಗಂಗಾವತಿ ಗುರು
ಅಕ್ಕಾ, ನಿಮ್ಮ ಮನಸ್ಸು ನೋಯಿಸಬೇಕು ಅಂತ ಹೇಳಿದ್ದಲ್ಲ. ಆದರೆ ಒಬ್ಬೊಬ್ಬರನ್ನೂ ಕೇಳುತ್ತಾ ಕೂತರೆ ಈ ಕೆಲಸ ಮುಗಿಯುವುದೇ ಇಲ್ಲ ಅನ್ನುವುದು ನನ್ನ ಮಾತು. ಅದನ್ನು ಈಗಲೂ ಹೇಳುತ್ತೇನೆ.

ಸಿಸ್ಟರ್ ಶಿವಮೊಗ್ಗ
ಎನ್‌ಐಸಿಯು ಡ್ಯೂಟಿ ಮಾಡುವವಳಾಗಿ ಎರಡು ಮಾತು.

ಮಾನಿಟರ್ ತೋರಿಸುವುದೆಲ್ಲ ನಿಜ ಅಂದುಕೊಳ್ಳಬೇಡಿ ಡಾಕ್ಟ್ರೇ. ಮಗು ಕಾಲು ಒದ್ದರೆ ಸ್ಯಾಚುರೇಷನ್ 70 ತೋರಿಸುತ್ತದೆ. ಪ್ರೋಬ್ ಸಡಿಲ ಆದರೂ ಅಷ್ಟೇ. ಕೈಕಾಲು ತಣ್ಣಗಿದ್ದರೆ ಅಂಕಿಯೇ ಬರುವುದಿಲ್ಲ. ಫೋಟೋಥೆರಪಿ ದೀಪದ ಕೆಳಗಿದ್ದಾಗ ಪ್ರೋಬ್ ಮೇಲೆ ಬಟ್ಟೆ ಮುಚ್ಚದಿದ್ದರೆ ಏನೇನೋ ಬರುತ್ತದೆ. ನಾವು ಹೋಗಿ ಮಗುವಿನ ಬಣ್ಣ ನೋಡಿ, ಎದೆ ನೋಡಿ, ಆಮೇಲೆ ಚಾರ್ಟ್‌ನಲ್ಲಿ ಬರೆಯುತ್ತೇವೆ. ನಿಮ್ಮ ಕಂಪ್ಯೂಟರ್‌ಗೆ ಆ ಕಣ್ಣು ಎಲ್ಲಿದೆ?

ಇನ್ನೊಂದು, ಇದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಈ ಡೇಟಾ ಉಳಿದರೆ ನಾಳೆ ಅದನ್ನೇ ಹಿಡಿದು ‘ಅಲಾರ್ಮ್ ಹೊಡೆದು ಇಷ್ಟು ನಿಮಿಷ ಆದ ಮೇಲೆ ಬಂದಿದ್ದೀರಿ’ ಅಂತ ನಮ್ಮ ಮೇಲೆ ಮೆಮೋ ಬರುತ್ತದೆ. ಒಬ್ಬ ಸಿಸ್ಟರ್ ಎಷ್ಟು ಮಕ್ಕಳನ್ನು ನೋಡುತ್ತಾಳೆ ಅಂತ ಮಾನಿಟರ್ ರೆಕಾರ್ಡ್ ಮಾಡುವುದಿಲ್ಲ.

ಕೇಬಲ್ ಕುಲಕರ್ಣಿ
ಬಯೋಮೆಡಿಕಲ್ ಇಂಜಿನಿಯರ್ ಇಲ್ಲಿ. ಸಿಸ್ಟರ್ ಹೇಳಿದ್ದು ನೂರಕ್ಕೆ ನೂರು ಸರಿ. ಅದಕ್ಕೇ ಬರೀ ಅಂಕಿ ಉಳಿಸಿದರೆ ಸಾಲದು, ಪರದೆಯ ಮೇಲೆ ಗೆರೆಯಾಗಿ ಓಡುವ ಅಲೆಯನ್ನೂ ಉಳಿಸಬೇಕು. ಅಲೆ ಇದ್ದರೆ ಇದು ನಿಜವಾಗಿ ಇಳಿದದ್ದಾ, ಮಗು ಒದ್ದದ್ದಾ ಅಂತ ಆಮೇಲೆ ಬೇರ್ಪಡಿಸಬಹುದು.

ಜಾಗದ ಚಿಂತೆ ಬೇಡ. ಇಸಿಜಿ ಸೆಕೆಂಡಿಗೆ 250 ಬಿಂದು ಅಂತ ಹಿಡಿಯಿರಿ. ದಿನಕ್ಕೆ 2 ಕೋಟಿ 16 ಲಕ್ಷ ಬಿಂದು. ಕೇಳುವುದಕ್ಕೆ ದೊಡ್ಡದು, ಆದರೆ ಒಂದು ಹಾಸಿಗೆಗೆ ದಿನಕ್ಕೆ ಸುಮಾರು 43 ಎಂಬಿ ಅಷ್ಟೇ. 20 ಹಾಸಿಗೆಯ ಇಸಿಜಿ ಒಂದು ವರ್ಷ ಪೂರ್ತಿ ಇಟ್ಟರೂ ಒಂದು ಟೆರಾಬೈಟ್ ಡಿಸ್ಕ್ ತುಂಬುವುದಿಲ್ಲ. ಡೇಟಾ ಹಿಡಿಯುವುದಕ್ಕೆ ದಕ್ಷಿಣ ಕೊರಿಯಾದ ಸೋಲ್ ನ್ಯಾಷನಲ್ ಯೂನಿವರ್ಸಿಟಿ ಆಸ್ಪತ್ರೆಯವರು ವೈಟಲ್ ರೆಕಾರ್ಡರ್ ಅನ್ನುವ ತಂತ್ರಾಂಶ ಮಾಡಿದ್ದಾರೆ. ಆಪರೇಷನ್ ಥಿಯೇಟರ್‌ಗೆ ಅಂತ ಶುರುವಾದದ್ದು, ಸಂಶೋಧನೆಗೆ ಪುಕ್ಕಟೆ.

ನಿಜವಾದ ತಲೆನೋವು ಗಡಿಯಾರ. ಒಂದು ಮಾನಿಟರ್ 10:05 ಅನ್ನುತ್ತದೆ, ಪಕ್ಕದ್ದು 10:12 ಅನ್ನುತ್ತದೆ. ವೆಂಟಿಲೇಟರ್ ಇನ್ನೇನೋ ಅನ್ನುತ್ತದೆ. ಸಿಸ್ಟರ್ ಬರೆಯುವುದು ಗೋಡೆ ಗಡಿಯಾರ ನೋಡಿ. ರಕ್ತ ತೆಗೆದದ್ದು ಬಡಿತ ಬದಲಾಗುವುದಕ್ಕೆ ಮುಂಚೆಯೋ ಆಮೇಲೆಯೋ ಅನ್ನುವುದೇ ನಿಮ್ಮ ಥೀಸಿಸ್. ಗಡಿಯಾರ ಸರಿ ಇಲ್ಲದಿದ್ದರೆ ಥೀಸಿಸ್ ಬಿದ್ದುಹೋಯಿತು. ಮೊದಲು ಎಲ್ಲ ಸಾಧನಗಳ ಸಮಯ ಒಂದೇ ಮಾಡಿಸಿ. ವಾರಕ್ಕೊಮ್ಮೆ ನೋಡುವ ಕೆಲಸ ಯಾರದು ಅಂತ ಬರೆದಿಡಿ.

ಇನ್ನೊಂದು ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ. ಸ್ಯಾಚುರೇಷನ್ ಅಳೆಯುವ ಪಲ್ಸ್ ಆಕ್ಸಿಮೀಟರ್ ಕೆಲವು ಸೆಕೆಂಡುಗಳ ಸರಾಸರಿ ತೆಗೆದು ತೋರಿಸುತ್ತದೆ. ಆ ಸರಾಸರಿ 2 ಸೆಕೆಂಡಿನದೋ 16 ಸೆಕೆಂಡಿನದೋ ಅನ್ನುವುದು ಸೆಟ್ಟಿಂಗ್. 16 ಇಟ್ಟರೆ ಚಿಕ್ಕ ಇಳಿತಗಳು ಕಾಣುವುದೇ ಇಲ್ಲ, ಹತ್ತಿರ ಹತ್ತಿರ ಇರುವ ಎರಡು ಇಳಿತ ಸೇರಿ ಒಂದು ಉದ್ದದ ಇಳಿತ ಆಗುತ್ತದೆ. ಎರಡು ಆಸ್ಪತ್ರೆಯ ಡೇಟಾ ಹೋಲಿಸುವಾಗ ಇದನ್ನು ಬರೆದಿಡದಿದ್ದರೆ ಎಲ್ಲ ಲೆಕ್ಕವೂ ತಪ್ಪು.

ಸಿಸ್ಟರ್ ಶಿವಮೊಗ್ಗ
ಕುಲಕರ್ಣಿ ಸರ್, ಕರೆಂಟ್ ಹೋಗಿ ಬಂದರೆ ನಮ್ಮ ಒಂದು ಹಳೆಯ ಮಾನಿಟರ್‌ನ ದಿನಾಂಕವೇ ಹಿಂದಕ್ಕೆ ಹೋಗುತ್ತದೆ. ಎಷ್ಟು ಸಲ ಹೇಳಿದರೂ ಯಾರೂ ಬ್ಯಾಟರಿ ಬದಲಾಯಿಸಿಲ್ಲ.

ಕೇಬಲ್ ಕುಲಕರ್ಣಿ
ಅದು ಒಳಗಿನ ಚಿಕ್ಕ ಗುಂಡಿ ಬ್ಯಾಟರಿ ಇರಬೇಕು ಸಿಸ್ಟರ್. ಅಂಥ ದುಬಾರಿ ಏನಲ್ಲ. ಬರವಣಿಗೆಯಲ್ಲಿ ದೂರು ಕೊಟ್ಟು ನಕಲು ಇಟ್ಟುಕೊಳ್ಳಿ.

ಲೀಡ್ಸ್ ಕನ್ನಡಿಗ
ನಾನು ಇಂಗ್ಲೆಂಡಿನಲ್ಲಿ ನವಜಾತ ಶಿಶು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಇಲ್ಲಿ ನ್ಯಾಷನಲ್ ನಿಯೋನೇಟಲ್ ರಿಸರ್ಚ್ ಡೇಟಾಬೇಸ್ ಅಂತ ಇದೆ. 2007ರಿಂದ ನಡೆಯುತ್ತಿದೆ. ಇಂಪೀರಿಯಲ್ ಕಾಲೇಜಿನ ಪ್ರೊಫೆಸರ್ ನೀನಾ ಮೋದಿ ಕಟ್ಟಿದ್ದು. ನಾವು ಚಿಕಿತ್ಸೆಗಾಗಿ ದಿನಾ ಕಂಪ್ಯೂಟರ್‌ಗೆ ತುಂಬುವ ವಿವರದಿಂದಲೇ ಗೊತ್ತುಮಾಡಿದ ಅಂಶಗಳನ್ನು ತೆಗೆಯುತ್ತಾರೆ. ಸಂಶೋಧನೆಗೆ ಅಂತ ಬೇರೆ ಫಾರ್ಮ್ ತುಂಬುವುದಿಲ್ಲ. ಹತ್ತು ಲಕ್ಷಕ್ಕೂ ಜಾಸ್ತಿ ಮಕ್ಕಳ ಮಾಹಿತಿ ಅದರಲ್ಲಿದೆ.

ಸಹಿ ಕೇಳುವುದಿಲ್ಲ. ಆದರೆ ವಾರ್ಡ್‌ನಲ್ಲಿ ಪೋಸ್ಟರ್ ಇರುತ್ತದೆ, ತಂದೆತಾಯಿಗೆ ಕರಪತ್ರ ಕೊಡುತ್ತಾರೆ. ಬೇಡ ಅಂದರೆ ಅವರ ಮಗುವಿನ ಮಾಹಿತಿ ಹೋಗುವುದಿಲ್ಲ. ಚಿನ್ನುವಿನ ಅಮ್ಮ ಕೇಳಿದ್ದು ಇದನ್ನೇ ಅಂತ ನನಗನ್ನಿಸುತ್ತದೆ.

ಡೇಟಾ ದಾವಣಗೆರೆ
ಲೀಡ್ಸ್ ಸರ್, ಅದು ದಿನದ ಲೆಕ್ಕದ ಮಾಹಿತಿ ಅಲ್ವಾ? ಸೆಕೆಂಡ್ ಲೆಕ್ಕದ ಮಾನಿಟರ್ ಡೇಟಾ ಅಲ್ಲವಲ್ಲ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಲೀಡ್ಸ್ ಕನ್ನಡಿಗ
ನಿಜ, ಅದರಲ್ಲಿ ಅಲೆಗಳಿಲ್ಲ. ನಾನು ಹೇಳಿದ್ದು ತಂದೆತಾಯಿಗೆ ಹೇಗೆ ಹೇಳುತ್ತಾರೆ ಅನ್ನುವುದಕ್ಕೆ. ಸೆಕೆಂಡ್ ಲೆಕ್ಕದ್ದು ಬೇಕಾದರೆ ಟೊರಾಂಟೊ ನೋಡಿ. ಅಲ್ಲಿನ ಸಿಕ್‌ಕಿಡ್ಸ್ ಆಸ್ಪತ್ರೆಯಲ್ಲಿ ಕ್ಯಾರೊಲಿನ್ ಮೆಕ್‌ಗ್ರೆಗರ್ ತಂಡ ಐಬಿಎಂ ಜೊತೆ ಸೇರಿ ಆರ್ಟೆಮಿಸ್ ಅನ್ನುವ ವ್ಯವಸ್ಥೆ ಮಾಡಿತ್ತು. ಮಾನಿಟರ್‌ನಿಂದ ಬರುವ ಹರಿವನ್ನು ಬಂದ ಹಾಗೇ ಲೆಕ್ಕ ಹಾಕುವುದು.

ಡೇಟಾ ದಾವಣಗೆರೆ
ಮುಕ್ತವಾಗಿ ಸಿಗುವ ಡೇಟಾ ಬಗ್ಗೆಯೂ ಹೇಳುತ್ತೇನೆ, ನಾನು ಕಲಿತದ್ದೇ ಅದರಲ್ಲಿ. ಬಾಸ್ಟನ್‌ನ ಬೆತ್ ಇಸ್ರೇಲ್ ಆಸ್ಪತ್ರೆಯ ಮಾಹಿತಿಯನ್ನು ಎಂಐಟಿಯವರು ಮಿಮಿಕ್ ಅಂತ ಕೊಡುತ್ತಾರೆ. ಅದರ ಮೂರನೆಯ ಆವೃತ್ತಿಯಲ್ಲಿ 2001ರಿಂದ 2008ರವರೆಗೆ ದಾಖಲಾದ 7,870 ನವಜಾತ ಶಿಶುಗಳಿದ್ದಾರೆ. ಸುಮ್ನೆ ಡೌನ್‌ಲೋಡ್ ಮಾಡಲು ಬಿಡುವುದಿಲ್ಲ. ಮನುಷ್ಯರ ಮೇಲಿನ ಸಂಶೋಧನೆಯ ನೀತಿ ಬಗ್ಗೆ ಒಂದು ಕೋರ್ಸ್ ಪಾಸಾಗಬೇಕು, ಒಪ್ಪಂದಕ್ಕೆ ಸಹಿ ಹಾಕಬೇಕು. ದಿನಾಂಕಗಳನ್ನೆಲ್ಲ ಮುಂದಿನ ಶತಮಾನಕ್ಕೆ ತಳ್ಳಿರುತ್ತಾರೆ. ಒಂದು ಮಗುವಿನ ಒಳಗೆ ದಿನಗಳ ಅಂತರ ಸರಿಯಾಗೇ ಇರುತ್ತದೆ, ಆದರೆ ಯಾವ ವರ್ಷ ಅಂತ ಗೊತ್ತಾಗುವುದಿಲ್ಲ.

ನಮ್ಮಲ್ಲಿ ಹೆಸರು ಅಳಿಸಿದರೆ ಮುಗಿಯಿತು ಅಂದುಕೊಳ್ಳುತ್ತಾರೆ. ಒಂದು ತಾಲ್ಲೂಕಿನಲ್ಲಿ ಆ ತಿಂಗಳು 27 ವಾರಕ್ಕೆ ಹುಟ್ಟಿದ ತ್ರಿವಳಿ ಒಂದೇ ಮನೆಯಲ್ಲಿ ಇರುತ್ತದೆ. ಹೆಸರಿಲ್ಲದೆಯೂ ಊರಿಗೆಲ್ಲ ಗೊತ್ತಾಗುತ್ತದೆ.

ಪ್ರಶ್ನೆ ಪ್ರಭಾಕರ
ಎಲ್ಲ ಸರಿ. ಇದರಿಂದ ಒಂದಾದರೂ ಮಗು ಉಳಿದಿದೆಯಾ? ಕಂಪ್ಯೂಟರ್ ಲೇಖನಗಳು ಸಾವಿರ ಬರುತ್ತವೆ. ವಾರ್ಡ್‌ಗೆ ಬಂದದ್ದು ಯಾವುದು?

ರಾತ್ರಿ ಡ್ಯೂಟಿ
ಪ್ರಭಾಕರ್ ಸರ್, ಬಂದಿದೆ. ಅಮೆರಿಕದ ವರ್ಜೀನಿಯಾ ವಿಶ್ವವಿದ್ಯಾಲಯದಲ್ಲಿ ರ‍್ಯಾಂಡಲ್ ಮೂರ್ಮನ್, ಪಮೇಲಾ ಗ್ರಿಫಿನ್ ಮತ್ತಿತರರು ಇದೇ ಮಾನಿಟರ್ ಡೇಟಾ ನೋಡಿದರು. ಸೆಪ್ಸಿಸ್ ಕಾಣಿಸಿಕೊಳ್ಳುವ ಮೊದಲು ಬಡಿತದ ಸಹಜ ಏರಿಳಿತ ಕಮ್ಮಿ ಆಗುತ್ತದೆ, ನಡುನಡುವೆ ಬಡಿತ ಸ್ವಲ್ಪ ಹೊತ್ತು ಇಳಿದು ಮತ್ತೆ ಏರುತ್ತದೆ. ಸರಾಸರಿ ನೋಡಿದರೆ ಎಲ್ಲ ಸರಿ ಇದ್ದ ಹಾಗೇ ಇರುತ್ತದೆ. ಗಂಟೆಗೊಮ್ಮೆ ಬರೆದ ಚಾರ್ಟ್‌ನಲ್ಲಿ ಇದು ಸಿಗುವುದೇ ಇಲ್ಲ.

ಇದರಿಂದ ಹೀರೋ ಅನ್ನುವ ಸ್ಕೋರ್ ಮಾಡಿ, 9 ಆಸ್ಪತ್ರೆಗಳಲ್ಲಿ 3,003 ಮಕ್ಕಳ ಮೇಲೆ ಪರೀಕ್ಷಿಸಿದರು. ಎಲ್ಲರೂ ಒಂದೂವರೆ ಕಿಲೋಗಿಂತ ಕಮ್ಮಿ ತೂಕದವರು. ಅರ್ಧ ಮಕ್ಕಳ ಸ್ಕೋರ್ ವೈದ್ಯರಿಗೆ ಕಾಣುತ್ತಿತ್ತು, ಇನ್ನರ್ಧದ್ದು ಕಾಣುತ್ತಿರಲಿಲ್ಲ. 2011ರಲ್ಲಿ ಫಲಿತಾಂಶ ಬಂತು. ಸಾವು ಶೇ. 10.2ರಿಂದ 8.1ಕ್ಕೆ ಇಳಿದಿತ್ತು.

ಪ್ರಶ್ನೆ ಪ್ರಭಾಕರ
ಎರಡು ಪರ್ಸೆಂಟ್. ಇದಕ್ಕಾ ಇಷ್ಟೆಲ್ಲ?

ಚಿನ್ನುವಿನ ಅಮ್ಮ
ಎರಡು ಪರ್ಸೆಂಟ್ ಅಂದರೆ ಸುಮಾರು 48 ಮಕ್ಕಳಲ್ಲಿ ಒಂದು ಮಗು. ಆ ಒಂದು ಮಗುವಿನ ಮನೆಗೆ ಹೋಗಿ ಈ ಮಾತು ಹೇಳಿ ನೋಡಿ.

ಪ್ರಶ್ನೆ ಪ್ರಭಾಕರ
ಆ ಮಾತು ಒಪ್ಪಿದೆ ಮೇಡಂ. ಆದರೂ ಅದು ಅಮೆರಿಕದ ಮಕ್ಕಳ ಲೆಕ್ಕ. ಅಲ್ಲಿನ ಸ್ಕೋರ್ ಇಲ್ಲಿ ಕೆಲಸ ಮಾಡುತ್ತದೆ ಅಂತ ಯಾರು ಹೇಳಿದರು?

ರಾತ್ರಿ ಡ್ಯೂಟಿ
ಯಾರೂ ಹೇಳಿಲ್ಲ. ಅದಕ್ಕೇ ನಮ್ಮ ಡೇಟಾ ಬೇಕು ಅನ್ನುವುದು! ಹೀಲಿಕ್ಸ್ ಅಧ್ಯಯನ ನೋಡಿ. ಹುಟ್ಟುವಾಗ ಉಸಿರುಗಟ್ಟಿ ಮೆದುಳಿಗೆ ಪೆಟ್ಟಾದ ಮಕ್ಕಳ ಮೈಯನ್ನು ತಂಪು ಮಾಡುವ ಚಿಕಿತ್ಸೆ ಶ್ರೀಮಂತ ದೇಶಗಳಲ್ಲಿ ಜೀವ ಉಳಿಸುತ್ತದೆ. ಅದನ್ನೇ ಭಾರತ, ಬಾಂಗ್ಲಾದೇಶ, ಶ್ರೀಲಂಕಾದ ಆಸ್ಪತ್ರೆಗಳಲ್ಲಿ 408 ಮಕ್ಕಳ ಮೇಲೆ ಪರೀಕ್ಷಿಸಿದರು. 2021ರಲ್ಲಿ ಫಲಿತಾಂಶ ಬಂತು. ತಂಪು ಮಾಡಿದ ಗುಂಪಿನಲ್ಲಿ ಸಾವು ಶೇ. 42, ಮಾಡದ ಗುಂಪಿನಲ್ಲಿ ಶೇ. 31. ಅಲ್ಲಿ ಒಳ್ಳೆಯದು ಮಾಡಿದ್ದು ಇಲ್ಲಿ ಕೆಡುಕು ಮಾಡಿತು. ನಮ್ಮ ಮಕ್ಕಳ ಡೇಟಾವನ್ನು ನಾವೇ ದಿನಾ ಅಳಿಸುತ್ತಾ, ಹೊರಗಿನಿಂದ ಬಂದ ಸ್ಕೋರನ್ನು ಕಣ್ಣು ಮುಚ್ಚಿ ನಂಬುವುದು ನನಗೆ ಭಯ ತರುತ್ತದೆ.

ಲೀಡ್ಸ್ ಕನ್ನಡಿಗ
ಚರ್ಮದ ಬಣ್ಣವನ್ನೂ ಸೇರಿಸಿ. 2020ರಲ್ಲಿ ಮಿಷಿಗನ್‌ನವರು ದೊಡ್ಡವರ ಮೇಲೆ ಮಾಡಿದ ಅಧ್ಯಯನದಲ್ಲಿ, ಪಲ್ಸ್ ಆಕ್ಸಿಮೀಟರ್ ಕಪ್ಪು ಚರ್ಮದವರ ಆಮ್ಲಜನಕದ ಕೊರತೆಯನ್ನು ಬಿಳಿಯರಿಗಿಂತ ಸುಮಾರು ಮೂರು ಪಟ್ಟು ಜಾಸ್ತಿ ಸಲ ಗುರುತಿಸಲಿಲ್ಲ. ನಮ್ಮ ಮಕ್ಕಳಿಗೆ ಇದು ಎಷ್ಟು ಅನ್ವಯ ಅಂತ ತಿಳಿಯಬೇಕಾದರೆ ರಕ್ತ ಪರೀಕ್ಷೆಯ ಅಂಕಿಯನ್ನೂ ಅದೇ ನಿಮಿಷದ ಮಾನಿಟರ್ ಅಂಕಿಯನ್ನೂ ಪಕ್ಕಪಕ್ಕ ಇಡಬೇಕು. ಎರಡೂ ವಾರ್ಡ್‌ನಲ್ಲಿ ದಿನಾ ಹುಟ್ಟುತ್ತವೆ. ಒಂದು ಉಳಿಯುತ್ತದೆ, ಇನ್ನೊಂದು ಅಳಿಯುತ್ತದೆ.

ಹಳೆ ಕಾಲದ ಡಾಕ್ಟರ್
ನಿವೃತ್ತ ಮಕ್ಕಳ ವೈದ್ಯ. ಹುಡುಗರಿಗೆ ಸ್ವಲ್ಪ ಹಿಂದಿನ ಕಥೆ ಹೇಳುತ್ತೇನೆ, ಸಹಿಸಿಕೊಳ್ಳಿ.

1940ರ ದಶಕದಲ್ಲಿ ಅಮೆರಿಕ, ಇಂಗ್ಲೆಂಡಿನಲ್ಲಿ ತಿಂಗಳು ತುಂಬದ ಮಕ್ಕಳಿಗೆ ಧಾರಾಳವಾಗಿ ಆಮ್ಲಜನಕ ಕೊಟ್ಟರು. ಸಾವಿರಾರು ಮಕ್ಕಳು ಕುರುಡಾದರು. 1950ರ ದಶಕದಲ್ಲಿ ಕಾರಣ ಗೊತ್ತಾಗಿ ಆಮ್ಲಜನಕ ಕಮ್ಮಿ ಮಾಡಿದರು. ಕಣ್ಣು ಉಳಿಯಿತು, ಆದರೆ ಸಾವು ಜಾಸ್ತಿ ಆಯಿತು. ಎಷ್ಟು ಕೊಟ್ಟರೆ ಸರಿ ಅನ್ನುವುದು 2010ರವರೆಗೂ ಊಹೆಯೇ. ಆ ವರ್ಷ ಸಪೋರ್ಟ್ ಅನ್ನುವ ಅಧ್ಯಯನ ಬಂತು. 1,316 ಮಕ್ಕಳು. ಸ್ಯಾಚುರೇಷನ್ 85-89ರಲ್ಲಿ ಇಟ್ಟವರಲ್ಲಿ ಸಾವು ಶೇ. 19.9, 91-95ರಲ್ಲಿ ಇಟ್ಟವರಲ್ಲಿ ಶೇ. 16.2. ಕಣ್ಣಿನ ತೀವ್ರ ತೊಂದರೆ ಮಾತ್ರ ತಿರುಗುಮುರುಗು, ಶೇ. 8.6 ಮತ್ತು 17.9. ಈಗ ನಿಮ್ಮ ಮಾನಿಟರ್‌ನಲ್ಲಿ ಅಲಾರ್ಮ್ ಇಡುವ ಗಡಿ ಇಂಥ ಮಕ್ಕಳಿಂದ ಬಂದದ್ದು.

ಅದೇ ಅಧ್ಯಯನದ ಮೇಲೆ 2013ರಲ್ಲಿ ದೊಡ್ಡ ಜಗಳ ಆಯಿತು. ಒಪ್ಪಿಗೆ ಪತ್ರದಲ್ಲಿ ಅಪಾಯವನ್ನು ಸರಿಯಾಗಿ ಹೇಳಿರಲಿಲ್ಲ ಅಂತ ಅಮೆರಿಕದ ಸರ್ಕಾರಿ ಕಚೇರಿಯೇ ಪತ್ರ ಬರೆಯಿತು. ಅಲ್ಲಿ ಚಿಕಿತ್ಸೆಯನ್ನೇ ಎರಡು ಗುಂಪು ಮಾಡಿದ್ದರು. ಇಲ್ಲಿ ಈ ಹುಡುಗ ಕೇಳುತ್ತಿರುವುದು ಬರೀ ನೋಡುವುದಕ್ಕೆ. ವ್ಯತ್ಯಾಸ ದೊಡ್ಡದು. ಆದರೂ ಆ ಜಗಳದಿಂದ ನಾನು ಕಲಿತದ್ದು, ತಂದೆತಾಯಿಗೆ ಮುಂಚೆ ಹೇಳಿದ್ದು ಯಾವತ್ತೂ ಕೆಲಸ ಕೆಡಿಸುವುದಿಲ್ಲ.

ನಮ್ಮಲ್ಲೇ ಒಳ್ಳೆಯ ಉದಾಹರಣೆ ಇದೆ. ಬೆಂಗಳೂರಿನ ನಾರಾಯಣ ನೇತ್ರಾಲಯ 2008ರಲ್ಲಿ ಕಿಡ್‌ರಾಪ್ ಶುರು ಮಾಡಿತು. ತಂತ್ರಜ್ಞರು ಕ್ಯಾಮೆರಾ ಹೊತ್ತು ಜಿಲ್ಲೆಗಳ ಎನ್‌ಐಸಿಯುಗೆ ಹೋಗಿ ಮಗುವಿನ ಕಣ್ಣಿನ ಪಟಲದ ಚಿತ್ರ ತೆಗೆಯುತ್ತಾರೆ, ಬೆಂಗಳೂರಿನ ತಜ್ಞರು ಅದನ್ನು ನೋಡುತ್ತಾರೆ. ಚಿಕಿತ್ಸೆಗಾಗಿ ತೆಗೆದ ಚಿತ್ರಗಳಿಂದಲೇ ನಮ್ಮ ಮಕ್ಕಳ ಕಣ್ಣಿನ ಬಗ್ಗೆ ಎಷ್ಟೋ ಗೊತ್ತಾಯಿತು. ಇಲ್ಲಿ ಸ್ವಲ್ಪ ದೊಡ್ಡ ತೂಕದ ಮಕ್ಕಳಿಗೂ ಕುರುಡು ಮಾಡುವ ಈ ಕಣ್ಣಿನ ತೊಂದರೆ ಬರುತ್ತದೆ. ಹೊರದೇಶದ ನಿಯಮ ನಂಬಿಕೊಂಡಿದ್ದರೆ ಅವರನ್ನು ಯಾರೂ ಪರೀಕ್ಷೆಯೇ ಮಾಡುತ್ತಿರಲಿಲ್ಲ.

ಗಂಗಾವತಿ ಗುರು
ಇಂಥ ಕಥೆಗಳನ್ನು ಇನ್ನೂ ಬರೆಯಿರಿ ಸರ್. ಇದೆಲ್ಲ ನಮಗೆ ಯಾರು ಹೇಳಬೇಕು.

ಕೋರ್ಟ್ ಹಾಲ್ 4
ಕಾನೂನಿನ ಕಡೆಯಿಂದ. ಖಾಸಗಿತನ ಮೂಲಭೂತ ಹಕ್ಕು ಅಂತ ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ಹೇಳಿತು. ಆ ಮೊಕದ್ದಮೆ ಹೂಡಿದ ಕೆ. ಎಸ್. ಪುಟ್ಟಸ್ವಾಮಿ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ. ಅದರ ಮುಂದಿನ ಹೆಜ್ಜೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ. ನಿಯಮಗಳು 2025ರ ನವೆಂಬರ್‌ನಲ್ಲಿ ಬಂದವು, ಹಂತಹಂತವಾಗಿ ಜಾರಿ.

18 ವರ್ಷದ ಒಳಗಿನವರ ಮಾಹಿತಿಗೆ ತಂದೆತಾಯಿಯ ಒಪ್ಪಿಗೆ ಬೇಕು ಅಂತ 9ನೇ ಕಲಂ ಹೇಳುತ್ತದೆ. ಆದರೆ 17ನೇ ಕಲಂನಲ್ಲಿ ಸಂಶೋಧನೆಗೆ ವಿನಾಯಿತಿ ಇದೆ. ಷರತ್ತು ಎರಡು. ಆ ಮಾಹಿತಿ ಹಿಡಿದು ಆ ವ್ಯಕ್ತಿಯ ಬಗ್ಗೆ ಯಾವ ತೀರ್ಮಾನವನ್ನೂ ತೆಗೆದುಕೊಳ್ಳಬಾರದು, ಮತ್ತು ನಿಯಮಗಳಲ್ಲಿ ಹೇಳಿದ ಮಾನದಂಡ ಪಾಲಿಸಬೇಕು. ಇದರ ಜೊತೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಇದೆ. ಅಪಾಯ ತೀರಾ ಕಮ್ಮಿ ಇದ್ದು, ಒಪ್ಪಿಗೆ ಪಡೆಯುವುದು ಕಾರ್ಯಸಾಧ್ಯ ಅಲ್ಲದಿದ್ದರೆ ಸಂಶೋಧನೆಯ ನೀತಿ ನೋಡುವ ಎಥಿಕ್ಸ್ ಕಮಿಟಿ ವಿನಾಯಿತಿ ಕೊಡಬಹುದು. ಕೊಡುವುದು ಕಮಿಟಿ, ನಿಮ್ಮ ಗೈಡ್ ಅಲ್ಲ. ಡೇಟಾ ತೆಗೆಯುವ ಮೊದಲೇ ಅನುಮತಿ ಬೇಕು.

ಸಿಸ್ಟರ್ ಅವರ ಭಯಕ್ಕೆ ಉತ್ತರವೂ ಇಲ್ಲೇ ಇದೆ. ಈ ಡೇಟಾವನ್ನು ಸಿಬ್ಬಂದಿ ವಿಚಾರಣೆಗೆ ಬಳಸುವುದಿಲ್ಲ ಅಂತ ಪ್ರೋಟೋಕಾಲ್‌ನಲ್ಲೇ ಬರೆಸಿ. ಕೋರ್ಟ್ ಆದೇಶ ಬಂದರೆ ಬೇರೆ ಮಾತು. ಆದರೆ ಮೆಮೋ ಕೊಡುವುದಕ್ಕೆ ಅಂತ ಈ ಡೇಟಾವನ್ನು ಯಾರಿಗೂ ಕೊಡಬಾರದು.

ಸಿಸ್ಟರ್ ಶಿವಮೊಗ್ಗ
ಬರೆಸಿದರೆ ನಾನೇ ಮೊದಲು ಸಹಕಾರ ಕೊಡುತ್ತೇನೆ ಸರ್.

ತುಂಗೆಯ ದಡ
ನನ್ನ ಮಗ ಎನ್‌ಐಸಿಯುನಲ್ಲಿ ತೀರಿಕೊಂಡ. ಆಸ್ಪತ್ರೆ ಹೆಸರು ಬೇಡ, ಯಾರ ಮೇಲೂ ದೂರಿಲ್ಲ.

ನೀವೆಲ್ಲ ಉಳಿದ ಮಕ್ಕಳ ತಂದೆತಾಯಿ ಬಗ್ಗೆ ಮಾತಾಡುತ್ತಿದ್ದೀರಿ. ತೀರಿಕೊಂಡ ಮಕ್ಕಳ ಡೇಟಾವೇ ನಿಮ್ಮ ಸಂಶೋಧನೆಗೆ ಜಾಸ್ತಿ ಬೇಕಾದದ್ದು ಅಲ್ವಾ? ಆ ದಿನ ನನ್ನ ಹತ್ತಿರ ಸಹಿ ಕೇಳಿದ್ದರೆ ನಾನು ಹಾಕುತ್ತಿರಲಿಲ್ಲ, ಬೇಡ ಅಂತಲ್ಲ, ನನಗೆ ಏನೂ ಕೇಳಿಸುತ್ತಿರಲಿಲ್ಲ. ಮೊದಲ ದಿನವೇ ಯಾರಾದರೂ ‘ಇಲ್ಲಿ ಮಾನಿಟರ್ ಮಾಹಿತಿಯನ್ನು ಮುಂದಿನ ಮಕ್ಕಳಿಗಾಗಿ ಇಟ್ಟುಕೊಳ್ಳುತ್ತೇವೆ, ಬೇಡ ಅನಿಸಿದರೆ ಯಾವಾಗ ಬೇಕಾದರೂ ಹೇಳಿ’ ಅಂದಿದ್ದರೆ ಸಾಕಿತ್ತು. ನನ್ನ ಮಗನ ಆ ಕೊನೆಯ ರಾತ್ರಿಯ ಬಡಿತದಿಂದ ಇನ್ನೊಬ್ಬರ ಮಗುವಿಗೆ ನಂಜು ಮೊದಲೇ ಗೊತ್ತಾಗುವ ಹಾಗಿದ್ದರೆ ಅದು ಅಳಿಸಿಹೋಗಿದ್ದು ನನಗೆ ನಷ್ಟವೇ.

ಒಂದೇ ಕೋರಿಕೆ. ಆಮೇಲೆ ಏನು ಗೊತ್ತಾಯಿತು ಅಂತ ನಮಗೂ ಹೇಳಿ. ಕನ್ನಡದಲ್ಲಿ, ಒಂದು ಪುಟ.

ಗಂಗಾವತಿ ಗುರು
ಅಣ್ಣಾ, ಏನು ಹೇಳಬೇಕೋ ತಿಳಿಯುತ್ತಿಲ್ಲ. ಮೊದಲ ದಿನ ಹೇಳುವುದಕ್ಕೆ ಎರಡು ನಿಮಿಷ ಸಾಕು. ಅದನ್ನು ಮಾಡಲೇಬೇಕು, ನಾನೂ ಒಪ್ಪುತ್ತೇನೆ.

ಡೇಟಾ ದಾವಣಗೆರೆ
ತುಂಗೆಯ ದಡ ಅವರ ಮಾತಿಗೆ ಲೆಕ್ಕದ ಕಾರಣವೂ ಇದೆ. ಸಹಿ ಹಾಕಿದವರ ಮಕ್ಕಳ ಡೇಟಾ ಮಾತ್ರ ಉಳಿದರೆ, ತುಂಬಾ ಬೇಗ ತೀರಿಕೊಂಡವರು, ಬೇರೆ ಊರಿಂದ ಒಬ್ಬರೇ ಆಂಬುಲೆನ್ಸ್‌ನಲ್ಲಿ ಬಂದವರು ಬಿಟ್ಟುಹೋಗುತ್ತಾರೆ. ತಾಯಿ ಹೆರಿಗೆ ಆದ ಆಸ್ಪತ್ರೆಯಲ್ಲೇ, ಮಗು ಇಲ್ಲಿ. ಅಂಥ ಮಕ್ಕಳಿಗೇ ಅಪಾಯ ಜಾಸ್ತಿ. ಅವರಿಲ್ಲದ ಲೆಕ್ಕ ಅವರಿಗೇ ಉಪಯೋಗಕ್ಕೆ ಬರುವುದಿಲ್ಲ.

ಇನ್ನೊಂದು ಕಡೆಯಿಂದಲೂ ಓರೆ ಇದೆ. ಚೇತರಿಸಿಕೊಂಡ ಮಗುವಿನ ಮಾನಿಟರ್ ತೆಗೆದು ಬೇರೆ ಮಗುವಿಗೆ ಹಾಕುತ್ತಾರೆ. ಹಾಗಾಗಿ ಹುಷಾರಾದ ಮಕ್ಕಳ ಡೇಟಾ ಕಮ್ಮಿ. ಡೇಟಾ ಇಲ್ಲ ಅಂದರೆ ಒಮ್ಮೊಮ್ಮೆ ಒಳ್ಳೆಯ ಸುದ್ದಿ, ಒಮ್ಮೊಮ್ಮೆ ಕೆಟ್ಟ ಸುದ್ದಿ. ಯಾಕೆ ತೆಗೆದರು ಅಂತ ಯಾರಾದರೂ ಬರೆದಿರಬೇಕು.

ಸಿಸ್ಟರ್ ಶಿವಮೊಗ್ಗ
ಕಾಂಗರೂ ಆರೈಕೆಗೆ ಮಗುವನ್ನು ತಾಯಿಯ ಎದೆಗೆ ಕೊಟ್ಟಾಗಲೂ ಕೆಲವೊಮ್ಮೆ ಪ್ರೋಬ್ ತೆಗೆಯುತ್ತೇವೆ. ಅದನ್ನು ‘ಡೇಟಾ ಕಾಣೆ’ ಅಂತ ಬರೆದುಕೊಳ್ಳಬೇಡಿ. ಚಾರ್ಟ್‌ನಲ್ಲಿ ಒಂದು ಅಕ್ಷರದ ಗುರುತು ಕೊಡಿ, ನಾವು ಹಾಕುತ್ತೇವೆ. ಹೊಸ ರಿಜಿಸ್ಟರ್ ಮಾತ್ರ ಕೊಡಬೇಡಿ. ಈಗಿರುವುದನ್ನು ಬರೆಯುವುದಕ್ಕೇ ಅರ್ಧ ಡ್ಯೂಟಿ ಹೋಗುತ್ತದೆ.

ಪ್ರಶ್ನೆ ಪ್ರಭಾಕರ
ಒಂದು ಕೊನೆಯ ತಕರಾರು. ಈ ಡೇಟಾ ಕಂಪನಿಗೆ ಮಾರಾಟ ಆಗುವುದಿಲ್ಲ ಅಂತ ಗ್ಯಾರಂಟಿ ಏನು? ಬಡವರ ಮಕ್ಕಳ ಡೇಟಾದಿಂದ ತಂತ್ರಾಂಶ ಮಾಡಿ, ಬಡವರ ಆಸ್ಪತ್ರೆಗೆ ಸಿಗದ ಬೆಲೆಗೆ ಮಾರುತ್ತಾರೆ.

ಕೋರ್ಟ್ ಹಾಲ್ 4
ಇದು ಸರಿಯಾದ ತಕರಾರು. ಡೇಟಾ ಆಸ್ಪತ್ರೆಯ ಹೊರಗೆ ಹೋಗದೆ, ಲೆಕ್ಕ ಹಾಕುವವರೇ ಒಳಗೆ ಬಂದು ಹಾಕುವ ಹಾಗೆ ಮಾಡಬಹುದು. ಹೊರಗಿನವರಿಗೆ ಕೊಡಬೇಕಾದರೆ ಪ್ರತಿ ಸಲವೂ ಕಮಿಟಿಗೆ ಹೋಗಬೇಕು ಅಂತ ಬರೆಯಿರಿ. ಕಮಿಟಿಯಲ್ಲಿ ವೈದ್ಯರಲ್ಲದ ಸದಸ್ಯರು ಇರಲೇಬೇಕು. ಅವರಿಗೆ ಅರ್ಥ ಆಗುವ ಹಾಗೆ ಬರೆಯಿರಿ.

ರಾತ್ರಿ ಡ್ಯೂಟಿ
ಎಲ್ಲರಿಗೂ ಧನ್ಯವಾದ. ತುಂಗೆಯ ದಡ ಅಣ್ಣನವರಿಗೆ ವಿಶೇಷವಾಗಿ. ಗೈಡ್ ಜೊತೆ ಮಾತಾಡಿದೆ. ಕಮಿಟಿಗೆ ಹೀಗೆ ಹೋಗುತ್ತೇವೆ: ದಾಖಲಾದ ದಿನವೇ ಬಾಯಿಮಾತಲ್ಲಿ ಹೇಳುವುದು, ಜೊತೆಗೆ ಕನ್ನಡದ ಒಂದು ಪುಟ. ಬೇಡ ಅಂದರೆ ಆ ಹಾಸಿಗೆಯ ರೆಕಾರ್ಡಿಂಗ್ ನಿಲ್ಲಿಸುವುದು. ಅದಕ್ಕಾಗಿ ಮಗುವಿನ ಚಿಕಿತ್ಸೆಯಲ್ಲಿ ಏನೂ ಬದಲಾಗುವುದಿಲ್ಲ ಅಂತ ಅದೇ ಪುಟದಲ್ಲಿ ದಪ್ಪ ಅಕ್ಷರದಲ್ಲಿ ಹಾಕುತ್ತೇವೆ. ಸಿಬ್ಬಂದಿ ವಿಚಾರಣೆಗೆ ಬಳಸಬಾರದು ಅನ್ನುವ ಸಾಲು ಸೇರಿಸಿದೆ. ಮುಗಿದ ಮೇಲೆ ಏನು ಗೊತ್ತಾಯಿತು ಅಂತ ವಾರ್ಡ್ ಬಾಗಿಲಿಗೆ ಅಂಟಿಸುತ್ತೇವೆ, ಬೇಕು ಅಂದವರಿಗೆ ಕಳಿಸುತ್ತೇವೆ.

ಪುಟದ ಕರಡು ನಾಳೆ ಇಲ್ಲೇ ಹಾಕುತ್ತೇನೆ. ಚಿನ್ನುವಿನ ಅಮ್ಮ, ನೀವು ಓದಿ ಎಲ್ಲಿ ಅರ್ಥ ಆಗುವುದಿಲ್ಲ ಅಂತ ಹೇಳಬೇಕು.

ಚಿನ್ನುವಿನ ಅಮ್ಮ
ಹಾಕಿ, ಓದುತ್ತೇನೆ. ಹಸಿರು ಅಂಕಿ ಏನು, ನೀಲಿ ಅಂಕಿ ಏನು ಅನ್ನುವುದನ್ನೂ ಅದೇ ಪುಟದಲ್ಲಿ ಬರೆಯಿರಿ.

ಸಿಸ್ಟರ್ ಶಿವಮೊಗ್ಗ
ಓದಲು ಬಾರದ ತಾಯಂದಿರೂ ಇರುತ್ತಾರೆ. ಜೊತೆಗೆ ಅಜ್ಜಿ ಇರುತ್ತಾರೆ, ಮನೆಯಲ್ಲಿ ತೀರ್ಮಾನ ಮಾಡುವವರು ಅವರೇ. ಅವರಿಗೂ ಕೂರಿಸಿಕೊಂಡು ಹೇಳಿ.

ಕೇಬಲ್ ಕುಲಕರ್ಣಿ
ಡಾಕ್ಟ್ರೇ, ನಿಮ್ಮ ಮಾನಿಟರ್‌ನ ಹಿಂದೆ ನೆಟ್‌ವರ್ಕ್ ಪೋರ್ಟ್ ಇದೆಯಾ, ಹಳೆಯ ಸೀರಿಯಲ್ ಪೋರ್ಟ್ ಮಾತ್ರ ಇದೆಯಾ? ಒಂದು ಫೋಟೋ ಹಾಕಿ. ಹಾಕುವಾಗ ಪರದೆಯ ಮೇಲೆ ಯಾವ ಮಗುವಿನ ಹೆಸರೂ ಕಾಣದ ಹಾಗೆ ನೋಡಿಕೊಳ್ಳಿ.